ಮೊದಲು ಎಡಗೈ: ಎರಾಲ್ ಗಾರ್ನರ್ ಬಾಣಿ ಹಿಡಿದು ಸೋಲೋ ಜಾಝ್ ಪಿಯಾನೊ ಕಲಿಯುವುದು ಹೇಗೆ

ಜಾಝ್ ಪಿಯಾನೊ ಒಬ್ಬರೇ ನುಡಿಸಲು ಕೂತಾಗ ಬಲಗೈ ಹೇಗೋ ನಿಭಾಯಿಸಿಕೊಂಡು ಹೋಗುತ್ತದೆ. ಟ್ಯೂನ್ ಬಾಯಲ್ಲಿ ಬಂದರೆ ಬೆರಳಿಗೂ ಬರುತ್ತದೆ. ಸಿಕ್ಕಿಬೀಳುವುದು ಎಡಗೈ. ಬ್ಯಾಂಡ್ ಇದ್ದಾಗ ಕೆಳಗಿನ ಸ್ವರವನ್ನು ಬಾಸ್ ನೋಡಿಕೊಳ್ಳುತ್ತದೆ, ಲಯವನ್ನು ಡ್ರಮ್ಸ್ ನೋಡಿಕೊಳ್ಳುತ್ತದೆ. ಅವರಿಬ್ಬರೂ ಇಲ್ಲ ಅಂದರೆ ಎರಡೂ ಕೆಲಸ ಐದು ಬೆರಳಿನ ಮೇಲೆ ಬೀಳುತ್ತದೆ. ಆನ್‌ಲೈನ್ ಪಾಠಗಳಲ್ಲಿ ಜಾಸ್ತಿ ಸಿಗುವುದು ಬಲಗೈಯ ಚಮತ್ಕಾರ. ಅದನ್ನು ಎಷ್ಟು ಕಲಿತರೂ ಒಬ್ಬರೇ ನುಡಿಸುವಾಗ ಏನೋ ಖಾಲಿ ಖಾಲಿ ಅನ್ನಿಸುತ್ತದೆ.

ನನ್ನ ಸಲಹೆ ಇಷ್ಟೇ. ಹತ್ತು ಜನರಿಂದ ಹತ್ತು ತುಣುಕು ಹೆಕ್ಕಬೇಡಿ. ಒಬ್ಬ ಒಳ್ಳೆಯ ವಾದಕರನ್ನು ಆರಿಸಿಕೊಂಡು ಕೆಲವು ತಿಂಗಳು ಅವರನ್ನೇ ಕೇಳಿ, ಅವರನ್ನೇ ನುಡಿಸಿ. ವೀಣೆ ಕಲಿಯುವವರು ಮೈಸೂರು ಬಾಣಿಯನ್ನು ಹಿಡಿದು ಕೂರುತ್ತಾರಲ್ಲ, ಹಾಗೆ. ಇಲ್ಲಿ ನಾನು ತೆಗೆದುಕೊಂಡಿರುವುದು ಎರಾಲ್ ಗಾರ್ನರ್ ಅವರನ್ನು.

ಗಾರ್ನರ್ ಹುಟ್ಟಿದ್ದು 1921ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ತೀರಿಕೊಂಡಿದ್ದು 1977ರಲ್ಲಿ. ‘ಮಿಸ್ಟಿ’ ಎಂಬ ಟ್ಯೂನ್ ಕೇಳಿದ್ದರೆ ಅದು ಇವರದೇ, 1954ರ ರಚನೆ. ಇವರು ಕೊನೆಯವರೆಗೂ ನೊಟೇಶನ್ ಓದಲು ಕಲಿಯಲಿಲ್ಲ. ಕೇಳಿ ಕೇಳಿಯೇ ಕಲಿತವರು. ಓದಲು ಬರುವುದಿಲ್ಲ ಎಂದು ಊರಿನ ಸಂಗೀತಗಾರರ ಯೂನಿಯನ್ ಇವರನ್ನು ಸೇರಿಸಿಕೊಂಡಿರಲಿಲ್ಲ. ಹೆಸರು ಬಂದ ಮೇಲೆ 1956ರಲ್ಲಿ ಕರೆದು ಗೌರವ ಸದಸ್ಯತ್ವ ಕೊಟ್ಟಿತು! ಆಳು ಕುಳ್ಳ. ಪಿಯಾನೊ ಸ್ಟೂಲಿನ ಮೇಲೆ ಟೆಲಿಫೋನ್ ಡೈರೆಕ್ಟರಿ ಇಟ್ಟುಕೊಂಡು ಕೂರುತ್ತಿದ್ದರು.

ಇವರನ್ನೇ ಯಾಕೆ? ಇವರ ಎಡಗೈ ಏನು ಮಾಡುತ್ತಿದೆ ಎಂದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಅದು ಸುಲಭವಾಗಿಯೇ ಶುರುವಾಗುತ್ತದೆ, ಆದರೂ ಒಂದು ಇಡೀ ಬ್ಯಾಂಡಿನ ಕೆಲಸ ಮಾಡುತ್ತದೆ. ಮಿಂಚಿನ ವೇಗದ ಜಾಝ್ ಪಿಯಾನೊ ವಾದಕ ಆರ್ಟ್ ಟೇಟಮ್ ಅವರಿಂದ ಶುರು ಮಾಡುವ ಆಸೆ ಅನೇಕರಿಗೆ ಇರುತ್ತದೆ. ಬೇಡ. ಟೇಟಮ್ ಅವರನ್ನು ಕೇಳಿ ಖುಷಿಪಡಿ. ನಕಲು ಮಾಡಲು ಕೂತರೆ ವಾರದೊಳಗೆ ಪಿಯಾನೊ ಮಾರಲು ಜಾಹೀರಾತು ಹಾಕುತ್ತೀರಿ.

ಕೂರುವ ಮೊದಲು

88 ಕೀ ಇರುವ, ಒತ್ತಿದಾಗ ಭಾರ ಸಿಗುವ ಡಿಜಿಟಲ್ ಪಿಯಾನೊ ಇದ್ದರೆ ಒಳ್ಳೆಯದು. 61 ಕೀಯ ಕೀಬೋರ್ಡ್ ಮಾತ್ರ ಇದೆಯೇ? ಶುರು ಮಾಡಲು ಅಡ್ಡಿಯಿಲ್ಲ. ಆದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಬೇಕು. ಆ ಸೌಲಭ್ಯ ಇಲ್ಲದ ಕೀಬೋರ್ಡಿನಲ್ಲಿ ಗಾರ್ನರ್ ಬಾಣಿಯ ಅರ್ಧ ಭಾಗ ಬರುವುದೇ ಇಲ್ಲ. ಇನ್ನೊಂದು ಮಾತು: ಕೀಬೋರ್ಡಿನ ರಿದಮ್ ಬಟನ್ ಆಫ್ ಮಾಡಿ, ಮತ್ತೆ ಆನ್ ಮಾಡಲೇಬೇಡಿ. ನಾವು ಕಲಿಯಲು ಹೊರಟಿರುವ ಕೆಲಸವನ್ನು ಆ ಯಂತ್ರ ಮಾಡಿಕೊಡುತ್ತದೆ. ನಮ್ಮ ಎಡಗೈ ಸೋಮಾರಿಯಾಗೇ ಉಳಿಯುತ್ತದೆ.

ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿಕೊಳ್ಳಿ, ನಾವು ಇಟ್ಟ ವೇಗದಲ್ಲಿ ಟಿಕ್ ಟಿಕ್ ಎಂದು ಬೀಟ್ ಹಾಕುವಂಥದ್ದು. ರೆಕಾರ್ಡರ್ ಹೇಗೂ ಇರುತ್ತದೆ. ಹಾಡನ್ನು ಸ್ವರ ಕೆಡದಂತೆ ನಿಧಾನ ಮಾಡಲು ಯೂಟ್ಯೂಬಿನ ಪ್ಲೇಬ್ಯಾಕ್ ಸ್ಪೀಡ್ ಸಾಕು. ಒಂದೇ ತುಣುಕನ್ನು ಮತ್ತೆ ಮತ್ತೆ ಸುತ್ತಿಸಬೇಕೆಂದರೆ ಕಂಪ್ಯೂಟರಿನಲ್ಲಿ ಆಡಾಸಿಟಿ ಇದೆ, ಪುಕ್ಕಟೆ.

ಕೇಳುವುದು, ಬರೀ ಕೇಳುವುದು

ಮೊದಲ ವಾರ ಕೀ ಮುಟ್ಟದಿದ್ದರೂ ನಡೆಯುತ್ತದೆ. ಗಾರ್ನರ್ ಒಬ್ಬರೇ ನುಡಿಸಿದ ರೆಕಾರ್ಡುಗಳು ಬೇಕು. 1955ರಲ್ಲಿ ಮುದ್ರಿಸಿದ ‘ಆಫ್ಟರ್‌ನೂನ್ ಆಫ್ ಆ್ಯನ್ ಎಲ್ಫ್’ ಮತ್ತು ‘ಸಾಲಿಟೇರ್’ ಅಂಥವು. 1957ರ ‘ಸಲಿಲಕ್ವಿ’ ಕೂಡ. ಅವರ ಅತಿ ಪ್ರಸಿದ್ಧ ರೆಕಾರ್ಡ್ ‘ಕಾನ್ಸರ್ಟ್ ಬೈ ದ ಸೀ’. 1955ರ ಸೆಪ್ಟೆಂಬರ್ 19ರಂದು ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ನಡೆದ ಕಛೇರಿ ಅದು. ಅಲ್ಲಿ ಬಾಸ್ ಮತ್ತು ಡ್ರಮ್ಸ್ ಜೊತೆಗಿವೆ. ಪಿಯಾನೊ ಅಷ್ಟೇನೂ ಚೆನ್ನಾಗಿಲ್ಲ, ಮುದ್ರಣವೂ ಮಸುಕು. ಆದರೂ ಉತ್ಸಾಹ ಬೇಕೆಂದರೆ ಅದನ್ನೇ ಕೇಳಬೇಕು. ಎಡಗೈ ಪಾಠಕ್ಕೆ ಮಾತ್ರ ಸೋಲೋ ರೆಕಾರ್ಡುಗಳೇ ಸರಿ.

ಇವುಗಳಿಂದ ಮಧ್ಯಮ ವೇಗದ ಒಂದು ಟ್ಯೂನ್ ಆರಿಸಿಕೊಳ್ಳಿ. ಒಂದೇ ಒಂದು. ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ಎಡಗೈಯನ್ನು ಮಾತ್ರ ಹಿಂಬಾಲಿಸಿ, ಕಾಲಿನಿಂದ ಬೀಟ್ ಹಾಕುತ್ತಾ. ಮೂರನೇ ಸಲ ಕಾಲು ಹಾಗೇ ಬೀಟ್ ಹಾಕುತ್ತಿರಲಿ, ಕಿವಿ ಬಲಗೈ ಮೇಲಿರಲಿ. ಆಗ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಬಲಗೈ ಬೀಟಿನ ಮೇಲೆ ಬೀಳುತ್ತಿಲ್ಲ. ಸ್ವಲ್ಪ ತಡವಾಗಿ ಬರುತ್ತಿದೆ. ಎಡಗೈಯಂತೂ ಒಂದಿಷ್ಟೂ ಕದಲುವುದಿಲ್ಲ. ಗಾರ್ನರ್ ಬಾಣಿ ಎಂದರೆ ಈ ಎರಡು ಕೈಗಳ ನಡುವಿನ ಅಂತರ. ಸ್ವರಗಳನ್ನೆಲ್ಲ ಸರಿಯಾಗಿ ನಕಲು ಮಾಡಿ ಈ ಅಂತರ ಬಿಟ್ಟರೆ ಕೇಳಿದವರಿಗೆ ಗಾರ್ನರ್ ನೆನಪಾಗುವುದಿಲ್ಲ. ಅಂತರ ಹಿಡಿದು ಸ್ವರ ಅಲ್ಲಲ್ಲಿ ತಪ್ಪಿದರೂ ಗೊತ್ತಾಗಿಬಿಡುತ್ತದೆ.

ಎಡಗೈ: ಬೀಟಿಗೊಂದು ಕಾರ್ಡ್

ಇದೇ ಮುಖ್ಯ ಪಾಠ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಗಾರ್ನರ್ ಎಡಗೈ ನಾಲ್ಕು ಬೀಟಿನ ಪ್ರತಿ ಸುತ್ತಿನಲ್ಲೂ ನಾಲ್ಕು ಸಲ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಒತ್ತುತ್ತದೆ. ಬೀಟಿಗೊಂದು. ಹಳೆಯ ಸ್ವಿಂಗ್ ಬ್ಯಾಂಡುಗಳಲ್ಲಿ ರಿದಮ್ ಗಿಟಾರಿನವರು ಮಾಡುತ್ತಿದ್ದ ಕೆಲಸ ಇದು. ಕೌಂಟ್ ಬೇಸಿ ಅವರ ಬ್ಯಾಂಡಿನಲ್ಲಿ ಫ್ರೆಡ್ಡಿ ಗ್ರೀನ್ 1937ರಿಂದ ಇದನ್ನೇ ಮಾಡಿದರು, ಹತ್ತಿರ ಹತ್ತಿರ 50 ವರ್ಷ. ಅವರ ಗಿಟಾರ್ ಕೇಳಿ. ಜೋರಿಲ್ಲ, ಆಡಂಬರವಿಲ್ಲ, ಆದರೆ ತೆಗೆದುಬಿಟ್ಟರೆ ಇಡೀ ಬ್ಯಾಂಡ್ ಕುಸಿಯುತ್ತದೆ. ಅದನ್ನು ಐದು ಬೆರಳಿಗೆ ತರಬೇಕು.

ಮೊದಲಿಗೆ ಎರಡೇ ಸ್ವರದ ಕಾರ್ಡುಗಳು ಸಾಕು. ಸಿ ಮೇಜರ್‌ನಲ್ಲಿ ಹೀಗೆ ಮಾಡಿ. ಕೀಬೋರ್ಡಿನ ನಡುವಿನ ಸಿಯೇ ಮಿಡ್ಲ್ ಸಿ. ಅದರಿಂದ ಒಂದು ಆಕ್ಟೇವ್ (ಅದೇ ಹೆಸರಿನ ಮುಂದಿನ ಸ್ವರದವರೆಗಿನ ದೂರ) ಕೆಳಗಿನ ಸಿ ಮೇಲೆ ಕಿರುಬೆರಳು, ಮಿಡ್ಲ್ ಸಿಯ ಪಕ್ಕದ ಬಿ ಮೇಲೆ ಹೆಬ್ಬೆರಳು. ಇದು ಸಿ ಮೇಜರ್ ಸೆವೆಂತ್‌ನ ಎಲುಬು. ನಾಲ್ಕು ಸಲ ಒತ್ತಿ. ಆಮೇಲೆ ಮಿಡ್ಲ್ ಸಿಯ ಎಡಕ್ಕಿರುವ ಎ, ಬಲಕ್ಕಿರುವ ಸಿ ಶಾರ್ಪ್. ಇದು ಎ ಸೆವೆಂತ್, ನಾಲ್ಕು ಸಲ. ಆಮೇಲೆ ಕೆಳಗಿನ ಡಿ, ಮೇಲೆ ಮಿಡ್ಲ್ ಸಿ. ಇದು ಡಿ ಮೈನರ್ ಸೆವೆಂತ್. ಕೊನೆಗೆ ಜಿ ಮತ್ತು ಬಿ, ಇದು ಜಿ ಸೆವೆಂತ್. ಮತ್ತೆ ಮೊದಲಿಗೆ.

ಈಗ ಹೆಬ್ಬೆರಳನ್ನು ಮಾತ್ರ ನೋಡಿ. ಬಿ, ಸಿ ಶಾರ್ಪ್, ಸಿ, ಬಿ. ಎಲ್ಲ ಅಕ್ಕಪಕ್ಕದ ಕೀಗಳು. ಕಿರುಬೆರಳು ಮಾತ್ರ ದೂರ ದೂರ ಓಡಾಡುತ್ತಿದೆ, ಹೆಬ್ಬೆರಳು ಮನೆ ಬಿಟ್ಟು ಹೋಗಿಯೇ ಇಲ್ಲ. ಎಡಗೈ ಹೀಗೆ ನಡೆದರೆ ಕೇಳಲು ನಯವಾಗಿರುತ್ತದೆ. ಇದರ ಗುಟ್ಟು ಹೀಗಿದೆ: ಕಾರ್ಡಿನ ಮೂಲ ಸ್ವರದ ಜೊತೆ, ಅದನ್ನೇ ಒಂದು ಎಂದು ಎಣಿಸಿ, ಮೂರನೆಯದನ್ನೋ ಏಳನೆಯದನ್ನೋ ಇಡುವುದು. ಎರಡರಲ್ಲಿ ಹಿಂದಿನ ಹೆಬ್ಬೆರಳಿಗೆ ಯಾವುದು ಹತ್ತಿರವೋ ಅದು. ಯಾವ ಟ್ಯೂನಿಗೂ ಈ ಲೆಕ್ಕ ಹಾಕಬಹುದು.

ಇವು ಗಾರ್ನರ್ ನುಡಿಸಿದ ಕಾರ್ಡುಗಳೇ ಅಲ್ಲ. ಅವರದು ಇನ್ನೂ ತುಂಬಿದ ಕಾರ್ಡು. ಮೂಲ ಸ್ವರ, ಐದನೆಯದು, ಆಕ್ಟೇವ್ ದಾಟಿ ಹತ್ತನೆಯದು ಹೀಗೆಲ್ಲ ಒಟ್ಟಿಗೆ ಬರುತ್ತವೆ. ನಮ್ಮಲ್ಲಿ ಅನೇಕರ ಕೈಗೆ ಹತ್ತನೆಯದು ಎಟುಕುವುದಿಲ್ಲ. ಎಳೆದು ಎಳೆದು ಹಿಡಿಯಲು ಹೋಗಬೇಡಿ, ಮುಂಗೈ ನೋವು ಬರುತ್ತದೆ, ಬಂದರೆ ಬೇಗ ಹೋಗುವುದಿಲ್ಲ. ಎರಡು ಸ್ವರ ಗಟ್ಟಿಯಾದ ಮೇಲೆ ಮೂರನೆಯದನ್ನು ಸೇರಿಸಿ. ಸಿ-ಜಿ-ಬಿ, ಎ-ಸಿ ಶಾರ್ಪ್-ಜಿ, ಡಿ-ಎ-ಸಿ, ಜಿ-ಬಿ-ಎಫ್. ಕೆಲವು ಮಿಡ್ಲ್ ಸಿ ದಾಟಿ ಮೇಲೆ ಹೋಗುತ್ತವೆ. ಬಲಗೈಯನ್ನು ಒಂದು ಆಕ್ಟೇವ್ ಮೇಲಕ್ಕೆ ಸರಿಸಿದರಾಯಿತು.

ಸ್ವರಗಳಿಗಿಂತ ಒತ್ತುವ ರೀತಿ ಮುಖ್ಯ. ಪೆಡಲ್ ಮುಟ್ಟಬೇಡಿ. ಬೆರಳು ಕೀಯ ಮೇಲೇ ಕೂತಿರಲಿ, ಎತ್ತಿ ಹೊಡೆಯುವುದು ಬೇಡ. ಪ್ರತಿ ಕಾರ್ಡನ್ನೂ ಮುಂದಿನ ಬೀಟಿಗೆ ಚೂರು ಮೊದಲು ಬಿಡಿ. ಪೂರ್ತಿ ಕತ್ತರಿಸಿದರೆ ಟೈಪಿಂಗ್ ಮಾಡಿದಂತಾಗುತ್ತದೆ, ಬಿಡದೇ ಇದ್ದರೆ ಹಾರ್ಮೋನಿಯಂ ಆಗುತ್ತದೆ. ಎರಡನೇ ಮತ್ತು ನಾಲ್ಕನೇ ಬೀಟಿಗೆ ಎಳ್ಳಷ್ಟು ಒತ್ತು ಕೊಡಿ. ಎಳ್ಳಷ್ಟೇ.

ಮೆಟ್ರೊನೋಮ್ 72ಕ್ಕೆ ಇಟ್ಟು ಶುರು ಮಾಡಿ. ಅದು ಸಲೀಸಾದ ಮೇಲೆ ಒಂದು ಬದಲಾವಣೆ. ಮೆಟ್ರೊನೋಮನ್ನು 36ಕ್ಕೆ ಇಳಿಸಿ. ಅದರ ಟಿಕ್ ಎರಡು ಮತ್ತು ನಾಲ್ಕನೇ ಬೀಟು ಎಂದುಕೊಳ್ಳಿ. ಒಂದು ಮತ್ತು ಮೂರನ್ನು ನೀವೇ ಹುಡುಕಬೇಕು. ಮೊದಲು ತಲೆ ತಿರುಗುತ್ತದೆ, ಬೇಸರ ಬೇಡ. ಟಿಕ್ ಬಂದಾಗ ಬಾಯಲ್ಲಿ ‘ಎರಡು’, ಮುಂದಿನದಕ್ಕೆ ‘ನಾಲ್ಕು’ ಎಂದು ಹೇಳಿಕೊಳ್ಳುತ್ತಾ ಹೋದರೆ ದಾರಿ ಸಿಗುತ್ತದೆ.

ಎರಡು ವಾರ ಎಡಗೈ ಒಂದೇ. ಮನೆಯವರಿಗೆ ಬೇಜಾರಾಗುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ.

ಬಲಗೈ ತಡವಾಗಿ ಬರುವುದು

ಮೊದಲು ಸ್ವಿಂಗ್ ಎಂದರೇನು ಎಂದು ಒಂದು ಮಾತು. ಒಂದು ಬೀಟಿನಲ್ಲಿ ‘ತಕಿಟ’ ಹೇಳಿ. ಮೊದಲ ಸ್ವರ ‘ತ’ ಮೇಲೆ, ಎರಡನೇ ಸ್ವರ ‘ಟ’ ಮೇಲೆ, ನಡುವಿನ ‘ಕಿ’ ಖಾಲಿ. ಮಧ್ಯಮ ವೇಗದಲ್ಲಿ ಜಾಝ್‌ನ ಜೋಡಿ ಸ್ವರಗಳು ಹೆಚ್ಚುಕಡಿಮೆ ಹೀಗೆ ನಡೆಯುತ್ತವೆ. ವೇಗ ಏರಿದಂತೆ ಎರಡೂ ಸಮವಾಗುತ್ತಾ ಹೋಗುತ್ತವೆ. ತಾಳ ಕಲಿತವರಿಗೆ ಇದು ಅರ್ಧ ನಿಮಿಷದ ಪಾಠ.

ತಡವಾಗಿ ಬರುವುದು ಬೇರೆ ವಿಷಯ. ಇಲ್ಲಿ ನಮ್ಮ ತಾಳದ ಅಭ್ಯಾಸ ಸಹಾಯಕ್ಕೂ ಬರುತ್ತದೆ, ಅಡ್ಡವೂ ಬರುತ್ತದೆ. ಸಮ ಬಿಟ್ಟು ಅರ್ಧ ಅಕ್ಷರ ಆದ ಮೇಲೆ ಪಲ್ಲವಿ ಎತ್ತಿಕೊಳ್ಳುವುದು ನಮಗೆ ಗೊತ್ತು. ಅದು ಎಣಿಸಿದ ಜಾಗ, ಪ್ರತಿ ಸಲ ಅಲ್ಲೇ. ಗಾರ್ನರ್ ಬಲಗೈಯದು ಎಣಿಸಿದ ಜಾಗ ಅಲ್ಲ. ಒಂದು ಸಾಲಿನ ಶುರುವಿನಲ್ಲಿ ಜಾಸ್ತಿ ಹಿಂದೆ ಇರುತ್ತದೆ, ಸಾಲು ಮುಗಿಯುವಷ್ಟರಲ್ಲಿ ಎಡಗೈಯನ್ನು ಬಂದು ಸೇರಿಕೊಳ್ಳುತ್ತದೆ. ಮುಂದಿನ ಸಾಲಿನಲ್ಲಿ ಮತ್ತೆ ಹಿಂದೆ.

ಪಿಯಾನೊ ಮುಚ್ಚಿ ಮೇಜಿನ ಮೇಲೆ ಶುರು ಮಾಡಿ. ಎಡಗೈಯಲ್ಲಿ ನಿಧಾನವಾಗಿ ಬೀಟ್ ತಟ್ಟಿ, ಬಾಯಲ್ಲಿ ಬೀಟಿಗೊಂದು ‘ತಕಧಿಮಿ’. ಬಲಗೈ ಮೊದಲು ‘ತ’ ಮೇಲೆ ತಟ್ಟಲಿ, ಎಡಗೈ ಜೊತೆಗೇ. ಆಮೇಲೆ ‘ಕ’ ಮೇಲೆ ತಟ್ಟಲಿ. ಇದು ತುಂಬಾ ತಡ, ಅತಿಯಾಯಿತು ಅನ್ನಿಸುತ್ತದೆ. ಸರಿ, ಅದು ಗಡಿ. ಈಗ ‘ತ’ ಮತ್ತು ‘ಕ’ ನಡುವೆ ಎಲ್ಲೋ ತಟ್ಟಿ. ಬಾಯಿ ನಿಲ್ಲಿಸಬೇಡಿ. ಅಲ್ಲಿ ಹೆಸರಿಲ್ಲದ ಒಂದು ಜಾಗ ಇದೆ, ಬಲಗೈ ಬೀಳಬೇಕಾದದ್ದು ಅಲ್ಲಿ.

ಆಮೇಲೆ ಪಿಯಾನೊ ತೆರೆಯಿರಿ. ಎಡಗೈಯಲ್ಲಿ ಅದೇ ನಾಲ್ಕು ಕಾರ್ಡುಗಳ ಸುತ್ತು. ಬಲಗೈಯಲ್ಲಿ ಕಾರ್ಡಿಗೆ ಒಂದೇ ಸ್ವರ, ಉದಾಹರಣೆಗೆ ಇ, ಇ, ಎಫ್, ಎಫ್. ಆ ಒಂದು ಸ್ವರವನ್ನು ಮೊದಲ ಬೀಟಿನ ಚೂರು ನಂತರ ಹಾಕಿ. ಅದು ಬರುವವರೆಗೆ ಬೇರೆ ಏನೂ ಬೇಡ.

ಎಲ್ಲರಿಗೂ ಆಗುವ ತೊಂದರೆ ಒಂದೇ. ಬಲಗೈ ಹಿಂದೆ ಸರಿದ ಕೂಡಲೇ ಎಡಗೈಗೆ ಕರುಣೆ ಬಂದು ಅದೂ ನಿಧಾನವಾಗುತ್ತದೆ. ಆಗ ತಡವೂ ಇಲ್ಲ, ಲಯವೂ ಇಲ್ಲ, ಬರೀ ಎಳೆದಾಟ. ನುಡಿಸುವಾಗ ಇದು ಗೊತ್ತಾಗುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ, ಮೆಟ್ರೊನೋಮ್ ಶಬ್ದವೂ ಅದರಲ್ಲಿ ಬರಲಿ. ಕೇಳುವಾಗ ಎಡಗೈ ಮತ್ತು ಟಿಕ್ ಒಂದಾಗಿವೆಯೇ ಎಂಬುದನ್ನಷ್ಟೇ ನೋಡಿ. ಒಂದಾಗಿದ್ದರೆ ಬಲಗೈ ಎಷ್ಟು ಹಿಂದಿದ್ದರೂ ಅದು ಕೇಳಲು ಸೊಗಸು.

ನಾಲ್ಕು ಬಾರ್ ಎತ್ತಿಕೊಳ್ಳುವುದು

ಈಗ ನೀವು ಆರಿಸಿದ ಟ್ಯೂನಿಗೆ ವಾಪಸ್ ಬನ್ನಿ. ಅದರಲ್ಲಿ ನಿಮಗೆ ತುಂಬಾ ಇಷ್ಟವಾದ ನಾಲ್ಕು ಬಾರ್ ಹಿಡಿಯಿರಿ. ಬಾರ್ ಎಂದರೆ ನಾಲ್ಕು ಬೀಟಿನ ಒಂದು ಸುತ್ತು. ಪೂರ್ತಿ ಟ್ಯೂನ್ ಬೇಡ.

ಮೊದಲು ಹಾಡಬೇಕು. ಪಿಯಾನೊ ಮುಟ್ಟದೆ, ಗಾರ್ನರ್ ಜೊತೆಗೇ ‘ಲಲಲ’ ಎಂದಾದರೂ ಸರಿ. ಅವರ ತಡ ನಿಮ್ಮ ಬಾಯಿಗೆ ಬರುವವರೆಗೆ. ಗುರುಗಳ ಎದುರು ಕೂತು ಪಾಠ ಮಾಡಿದವರಿಗೆ ಇದು ಹೊಸದೇನಲ್ಲ. ಅವರು ಹಾಡುತ್ತಾರೆ, ನಾವು ಹಾಡುತ್ತೇವೆ, ಪುಸ್ತಕ ಆಮೇಲೆ. ಬಾಯಿಗೆ ಬಂದ ಮೇಲೆ ವೇಗ 0.5 ಅಥವಾ 0.75ಕ್ಕೆ ಇಳಿಸಿ ಒಂದೊಂದೇ ಸ್ವರ ಕೀ ಮೇಲೆ ಹುಡುಕಿ. ಬಲಗೈಯ ಮೇಲಿನ ಸ್ವರ ಮೊದಲು, ಎಡಗೈಯ ಕೆಳಗಿನ ಸ್ವರ ಆಮೇಲೆ. ನಡುವಿನವು ಕೊನೆಗೆ. ನಡುವಿನದು ಸಿಗದಿದ್ದರೆ ಕಾರ್ಡಿಗೆ ಹೊಂದುವ ಯಾವುದೋ ಸ್ವರ ಹಾಕಿ ಮುಂದೆ ಹೋಗಿ. ಬರೆದಿಡಲೇಬೇಕೆಂದೇನಿಲ್ಲ. ಅವರೇ ಬರೆದಿಡಲಿಲ್ಲ.

ಬೇರೆಯವರು ಬರೆದ ನೊಟೇಶನ್ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ನಿಮ್ಮ ಪ್ರಯತ್ನ ಮುಗಿದ ಮೇಲೆ ಹೋಲಿಸಿ ನೋಡಲು ಅದು ಒಳ್ಳೆಯದು. ಮೊದಲೇ ತೆರೆದರೆ ಕಣ್ಣು ಓದುತ್ತದೆ, ಕಿವಿ ನಿದ್ದೆ ಹೋಗುತ್ತದೆ.

‘ಮಿಸ್ಟಿ’ಯ ಶುರುವನ್ನೇ ನೋಡಿ. ಇ ಫ್ಲಾಟ್‌ನಲ್ಲಿದೆ. ಮೊದಲ ಮೂರು ಸ್ವರ ಬಿ ಫ್ಲಾಟ್, ಜಿ, ಡಿ. ಕೆಳಗೆ ಇಳಿದು ಇಳಿದು ಡಿ ಮೇಲೆ ನಿಲ್ಲುತ್ತದೆ. ಎಡಗೈಯಲ್ಲಿರುವುದು ಇ ಫ್ಲಾಟ್ ಮೇಜರ್ ಸೆವೆಂತ್. ಆ ಡಿ ಎಂದರೆ ಅದರ ಏಳನೇ ಸ್ವರ. ಮೂಲ ಸ್ವರವಾದ ಇ ಫ್ಲಾಟಿನ ಮೇಲೆ ಕೂರದೆ ಅದಕ್ಕಿಂತ ಅರ್ಧ ಮೆಟ್ಟಿಲು, ಅಂದರೆ ಒಂದು ಕೀ, ಕೆಳಗೆ ಟ್ಯೂನ್ ನಿಂತುಬಿಟ್ಟಿದೆ. ಅದಕ್ಕೇ ಅದು ಅಷ್ಟು ತೇಲಿದಂತೆ ಕೇಳುತ್ತದೆ. ಇಂಥ ಒಂದು ಸಂಗತಿಯನ್ನು ನೀವೇ ಕೀ ಮೇಲೆ ಹುಡುಕಿಕೊಂಡರೆ ಅದು ಕೈಬಿಟ್ಟು ಹೋಗುವುದಿಲ್ಲ.

ಅದೇ ಡಿಯನ್ನು ಇಟ್ಟುಕೊಂಡು ಗಾರ್ನರ್ ಬಲಗೈಯ ತುಂಬಿದ ದನಿಯನ್ನೂ ಕಲಿಯಬಹುದು. ಒಂಟಿ ಡಿ ಬದಲು ಆಕ್ಟೇವ್ ಹಿಡಿಯಿರಿ, ಕೆಳಗೊಂದು ಡಿ, ಮೇಲೊಂದು ಡಿ. ನಡುವೆ ಜಿ ಮತ್ತು ಬಿ ಫ್ಲಾಟ್ ತುಂಬಿ. ಕಿರುಬೆರಳಿಗೆ ಭಾರ ಜಾಸ್ತಿ ಕೊಡಿ, ಟ್ಯೂನ್ ಮೇಲೆ ಕೇಳಬೇಕು. ಎಲ್ಲ ಸ್ವರಕ್ಕೂ ಹೀಗೆ ಮಾಡಲು ಹೋಗಬೇಡಿ. ಸಾಲಿನಲ್ಲಿ ಉದ್ದವಾಗಿ ನಿಲ್ಲುವ ಸ್ವರಕ್ಕೆ ಮಾತ್ರ ತುಂಬಿ, ಓಡುವ ಸ್ವರಗಳು ಒಂಟಿಯಾಗಿರಲಿ. ಕೈ ಚಿಕ್ಕದಿದ್ದರೆ ನಡುವಿನ ಒಂದು ಸ್ವರ ಬಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ.

ಪೀಠಿಕೆ

ಗಾರ್ನರ್ ಪೀಠಿಕೆಗಳ ಮಜವೇ ಬೇರೆ. ಗುಡುಗಿನಂತೆ ಏನೋ ಶುರುವಾಗುತ್ತದೆ, ಯಾವ ಟ್ಯೂನ್ ಬರುತ್ತದೋ ಸುಳಿವೇ ಇಲ್ಲ. ಪಕ್ಕದಲ್ಲಿದ್ದ ಬಾಸ್‌ನವರಿಗೂ ಗೊತ್ತಿರುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಎಲ್ಲ ನಿಂತು ಮೆಲ್ಲಗೆ ಟ್ಯೂನ್ ಕಾಣಿಸಿಕೊಳ್ಳುತ್ತದೆ. ಕೇಳುಗರು ನಕ್ಕುಬಿಡುತ್ತಾರೆ.

ಇದನ್ನು ಸಣ್ಣದಾಗಿ ಮಾಡಿ ನೋಡಿ. ಸಿಯಲ್ಲಿ ನುಡಿಸುವುದಾದರೆ ಎಡಗೈ ಕೆಳಗಿನ ಜಿಯನ್ನೇ ನಾಲ್ಕು ಬಾರ್ ಬಡಿಯಲಿ. ಬಲಗೈ ಮೇಲೆ ಯಾವುದಾದರೂ ಒಂದು ಕಾರ್ಡ್ ಹಿಡಿದು ಅರ್ಧ ಅರ್ಧ ಮೆಟ್ಟಿಲು ಏರಿಸಲಿ. ಕರ್ಕಶ ಆದಷ್ಟೂ ಒಳ್ಳೆಯದು. ನಾಲ್ಕನೇ ಬಾರಿನ ಕೊನೆಯ ಎರಡು ಬೀಟು ಪೂರ್ತಿ ಮೌನ. ಆಮೇಲೆ ಟ್ಯೂನ್, ತುಂಬಾ ಮೆಲ್ಲಗೆ. ಮೌನದಲ್ಲಿ ಬೀಟ್ ತಪ್ಪಿದರೆ ಇಡೀ ಜೋಕ್ ಹಾಳು, ಕಾಲು ನಿಲ್ಲಿಸಬೇಡಿ.

ಮೆಲ್ಲಗೆ-ಜೋರು ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಒಂದೇ ಟ್ಯೂನನ್ನು ಮೂರು ಸುತ್ತು ನುಡಿಸುವಾಗ ಮೂರೂ ಒಂದೇ ಗಟ್ಟಿಯಲ್ಲಿ ಇರಬಾರದು. ಮೊದಲನೆಯದು ಪಿಸುಮಾತಿನಷ್ಟು, ಎರಡನೆಯದು ಒಂಟಿ ಸ್ವರಗಳಲ್ಲಿ ಸ್ವಲ್ಪ ಆಟ, ಮೂರನೆಯದು ತುಂಬಿದ ಕಾರ್ಡುಗಳಲ್ಲಿ. ಜೋರಾದಾಗ ವೇಗ ಏರಬಾರದು. ಏರುತ್ತದೆ, ನೋಡುತ್ತಿರಿ.

ಬೇರೆ ಟ್ಯೂನಿಗೆ ದಾಟಿಸುವುದು

ಗಾರ್ನರ್ ನುಡಿಸದ ಒಂದು ಟ್ಯೂನಿಗೆ ಇದನ್ನೆಲ್ಲ ಹಾಕಿದಾಗಲೇ ಕಲಿತಿದ್ದೇವೋ ಇಲ್ಲವೋ ಗೊತ್ತಾಗುವುದು. 12 ಬಾರಿನ ಬ್ಲೂಸ್ ಸುಲಭ, ಮೂರೇ ಕಾರ್ಡು. ಹಳೆಯ ಕನ್ನಡ ಚಿತ್ರಗೀತೆಯೂ ಆಗುತ್ತದೆ, ಆದರೆ ನೋಡಿ ಆರಿಸಿ. ಗಮಕವೇ ಜೀವವಾಗಿರುವ ಹಾಡು ಪಿಯಾನೊಗೆ ಬಂದಾಗ ಮೂಳೆ ಮಾತ್ರ ಉಳಿಯುತ್ತದೆ. ನಾಲ್ಕು ಬೀಟಿನ ನಡೆ ಇರುವ, ಕ್ಲಬ್ ಹಾಡಿನ ಧಾಟಿಯವು ಚೆನ್ನಾಗಿ ಹೊಂದುತ್ತವೆ. ಎಡಗೈಗೆ ಎರಡು ಸ್ವರದ ಕಾರ್ಡುಗಳನ್ನು ಮೊದಲಿನ ಲೆಕ್ಕದಲ್ಲೇ ಹುಡುಕಿಕೊಳ್ಳಿ, ಹೆಬ್ಬೆರಳು ದೂರ ಹೋಗಬಾರದು. ಟ್ಯೂನನ್ನು ತಡವಾಗಿ ಹಾಕಿ, ಉದ್ದ ಸ್ವರಗಳಿಗೆ ಆಕ್ಟೇವ್ ತುಂಬಿ, ಮುಂದೆ ಒಂದು ತುಂಟ ಪೀಠಿಕೆ.

ಮೆಟ್ರೊನೋಮ್ ಇಲ್ಲದೆ ಅದನ್ನು ರೆಕಾರ್ಡ್ ಮಾಡಿ ಮರುದಿನ ಕೇಳಿ. ಎಡಗೈಯೊಂದನ್ನೇ ಹಿಂಬಾಲಿಸಿ ಕಾಲು ಹಾಕಿದಾಗ ಕೊನೆಯವರೆಗೂ ಕಾಲು ತಡವರಿಸದಿದ್ದರೆ ಮುಂದಿನ ವಾದಕರನ್ನು ಹುಡುಕಬಹುದು. ನಾನಾದರೆ ಟೆಡ್ಡಿ ವಿಲ್ಸನ್ ಅವರನ್ನು ಆರಿಸುತ್ತೇನೆ. ಅವರ ಎಡಗೈ ಬೀಟಿಗೊಂದು ಕಾರ್ಡ್ ಒತ್ತುವುದಿಲ್ಲ, ಹತ್ತನೇ ಸ್ವರಗಳ ಜೋಡಿಯಲ್ಲಿ ನಡೆದಾಡುತ್ತದೆ. ಬಲಗೈಯೋ ಅಷ್ಟು ಅಚ್ಚುಕಟ್ಟು. ಗಾರ್ನರ್ ಆದ ಮೇಲೆ ಅವರನ್ನು ಹಿಡಿದರೆ ಎಡಗೈಯನ್ನು ಮತ್ತೆ ಮೆಟ್ರೊನೋಮ್ ಮುಂದೆ ಕೂರಿಸಬೇಕಾಗುತ್ತದೆ, 72ರಿಂದಲೇ.